ಮೇಷ್ಟರ ಪರದೇಶದ ಓದು

(ಕಾರ್ಮಿಕರು ಮತ್ತು ಸಣ್ಣ ವ್ಯಾಪಾರಿಗಳ ಸಭೆಯಲ್ಲಿ ಮಾಡಿದ ಭಾಷಣ)



ಪರದೇಶಕ್ಕೆ ಹೋಗಿ ಹೆಚ್ಚಿನ ಓದು ಓದಬೇಕೆನ್ನುವ ಉಪಾಧ್ಯಾಯರಿಗೆ ದಾರಿ ತೋರಿಸಲು ನಮ್ಮೂರ ಮೇಷ್ಟರುಗಳು ಒಂದು ವಿಡಿಯೋ ಚಿತ್ರ ತಯಾರಿಸಲು ಹೊರಟಿದ್ದಾರೆ. ಅದಕ್ಕೆ ನಿಮ್ಮ ಸಹಾಯ ಬೇಡಲು ಬಂದಿದ್ದೇನೆ.

“ಮೇಷ್ಟರು ವಿಮಾನ ಹತ್ತಿದರೆ ನಮ್ಮ ಮನೆಯ ಒಲೆ ಹತ್ತುತ್ತದೆಯೇ?” ಎಂದು ನೀವು ಕೇಳಬಹುದು. ಕೇಳತಕ್ಕ ಪ್ರಶ್ನೆಯೇ. ಉಳ್ಳವರು ಮಕ್ಕಳಿಗೆ ಒಳ್ಳೆಯ ವಿದ್ಯೆಯನ್ನು ಹಣ ಕೊಟ್ಟು ತರುತ್ತಾರೆ. ನಿಮ್ಮ ಮಕ್ಕಳು ಕೂರುವ ಸರ್ಕಾರಿ ಶಾಲೆಗೆ ಅದು ಮೇಷ್ಟರ ತಲೆಯೊಳಗೇ ಬರಬೇಕು.

1913ರಲ್ಲಿ ಅಂಬೇಡ್ಕರರು ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾನಿಲಯ ಸೇರಿದ್ದು ಬರೋಡಾ ಮಹಾರಾಜರ ವಿದ್ಯಾರ್ಥಿವೇತನದಿಂದ. ಇಂದು ಅರಸರ ಕೃಪೆಗೆ ಕಾಯಬೇಕಾಗಿಲ್ಲ. ಕನಿಷ್ಠ 5 ವರ್ಷ ಶಾಲೆಯಲ್ಲಿ ಪಾಠ ಹೇಳಿದ, 35 ವರ್ಷದೊಳಗಿನ ಉಪಾಧ್ಯಾಯರಿಗೆ ಜಪಾನ್ ಸರ್ಕಾರ ಒಂದೂವರೆ ವರ್ಷದ ತರಬೇತಿ ಕೊಡುತ್ತದೆ. ಶುಲ್ಕವಿಲ್ಲ, ಪ್ರಯಾಣದ ಖರ್ಚೂ ಅವರದೇ. ನಮ್ಮ ಕೇಂದ್ರ ಸರ್ಕಾರದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನವು ಪರಿಶಿಷ್ಟ ಜಾತಿಯವರಿಗೆ, ಅಲೆಮಾರಿಗಳಿಗೆ, ಭೂಮಿಯಿಲ್ಲದ ಕೃಷಿ ಕೂಲಿಗಳಿಗೆ, ಸಾಂಪ್ರದಾಯಿಕ ಕುಶಲಕರ್ಮಿಗಳಿಗೆ ಇರುವುದು; ಕುಟುಂಬದ ವರಮಾನ ವರ್ಷಕ್ಕೆ 8 ಲಕ್ಷ ರೂಪಾಯಿ ಮೀರಿರಬಾರದು. ಬಾಗಿಲು ಇದೆ. ಆದರೆ ಬಾಗಿಲಿರುವ ಸುದ್ದಿಯೇ ಹಳ್ಳಿಯ ಶಾಲೆಯನ್ನು ಮುಟ್ಟುವುದಿಲ್ಲ.

ಆದ್ದರಿಂದ ಚಿತ್ರದಲ್ಲಿ ಹಿಮ, ಎತ್ತರದ ಕಟ್ಟಡಗಳು ಬೇಡ. ಕ್ಯಾಮೆರಾ ಅರ್ಜಿಯ ಮೇಲೆ ನಿಲ್ಲಲಿ. ಒಂದೊಂದು ಕಲಮನ್ನೂ ತುಂಬಿ ತೋರಿಸಲಿ. ಐದೈದು ನಿಮಿಷದ ತುಂಡುಗಳಿರಲಿ. ಒಂದು ತುಂಡಿಗೆ ಒಂದೇ ವಿಷಯ: ಯಾರು ಅರ್ಹರು, ಯಾವ ಕಾಗದ ಬೇಕು, ಇಲಾಖೆಯ ಅನುಮತಿ ಮತ್ತು ರಜೆ ಹೇಗೆ, ಹಣ ಎಷ್ಟು. ವಯಸ್ಸಿನ ಮಿತಿಯನ್ನು ಮೊದಲೇ ಹೇಳಬೇಕು. ಯಾರಿಗೂ ಸುಳ್ಳು ಆಸೆ ಹುಟ್ಟಿಸಬಾರದು. ಐಇಎಲ್‌ಟಿಎಸ್ ಎಂಬ ಇಂಗ್ಲಿಷ್ ಪರೀಕ್ಷೆಯ ಫಲ 2 ವರ್ಷ ಮಾತ್ರ ಊರ್ಜಿತ. ಅವಸರದಲ್ಲಿ ಬರೆದರೆ ಕಟ್ಟಿದ ಹಣ ನೀರುಪಾಲು. ಅರ್ಜಿಯ ಕೊನೆಯ ದಿನ ವರ್ಷವರ್ಷವೂ ಬದಲಾಗುವುದರಿಂದ ಅದನ್ನು ಪ್ರತ್ಯೇಕ ತುಂಡಿನಲ್ಲಿಡಬೇಕು. ಅದೊಂದನ್ನೇ ಹೊಸದಾಗಿ ತೆಗೆದರೆ ಸಾಕು. ಅಕ್ಷರಗಳು ಮೊಬೈಲಿನ ಸಣ್ಣ ಪರದೆಯಲ್ಲಿಯೂ ಕಾಣಬೇಕು. ಮಾತು ನಾವಾಡುವ ಕನ್ನಡವಾಗಿರಬೇಕು. ಊರಿಗೆ ತೋರಿಸುವ ಮುನ್ನ ಇಂಥ ಅರ್ಜಿಯನ್ನು ಕಂಡೇ ಇರದ ಒಬ್ಬ ಉಪಾಧ್ಯಾಯಿನಿಗೆ ತೋರಿಸಿ. ಅವರು ಎಲ್ಲಿ ತಡವರಿಸುತ್ತಾರೋ ಆ ಭಾಗವನ್ನು ಮತ್ತೆ ತೆಗೆಯಿರಿ.

ಇನ್ನು ಖರ್ಚಿನ ಮಾತು. ಪರದೇಶಕ್ಕೆ ಕಳುಹಿಸುವ ದಲ್ಲಾಳಿಯೊಬ್ಬರು ಪೂರ್ತಿ ಹಣ ತಾವೇ ಕೊಡುತ್ತಾರಂತೆ. ಚಿತ್ರದ ಕೊನೆಯಲ್ಲಿ ಅವರ ಬೋರ್ಡು ಕಾಣಬೇಕಂತೆ. ವ್ಯಾಪಾರಿ ಮಿತ್ರರೇ, ತಕ್ಕಡಿ ಹಿಡಿದವನ ಕೈ ಯಾವ ಕಡೆ ವಾಲುತ್ತದೆಂದು ನಿಮಗೆ ನಾನು ಹೇಳಬೇಕೆ? ಶುಲ್ಕ ಕಟ್ಟುವ ವಿದ್ಯಾರ್ಥಿಯನ್ನು ಸೇರಿಸಿಕೊಟ್ಟರೆ ಎಷ್ಟೋ ಪರದೇಶದ ವಿಶ್ವವಿದ್ಯಾನಿಲಯಗಳು ದಲ್ಲಾಳಿಗೆ ಕಮಿಷನ್ ಕೊಡುತ್ತವೆ. ಬಿಟ್ಟಿ ಓದಿನ ದಾರಿಯನ್ನು ಅವರ ಹಣದ ಚಿತ್ರ ಎಷ್ಟು ಹೊತ್ತು ತೋರಿಸೀತು?

ಆ ಹಣ ನಮಗೆ ಬೇಡ. ಒಂದು ಒಳ್ಳೆಯ ಮೊಬೈಲು, ಒಂದು ಮೈಕು, ನಾಲ್ಕು ಭಾನುವಾರ ಇದ್ದರೆ ಕೆಲಸವಾಗುತ್ತದೆ. ಗಿರಣಿಯವರು ಒಂದು ದಿನದ ಚಹಾದ ಕಾಸು ಕೊಡಲಿ. ಅಂಗಡಿಯವರು ಗಲ್ಲಾಪೆಟ್ಟಿಗೆಯಿಂದ ಕೈಲಾದಷ್ಟು ಕೊಡಲಿ. ಲೆಕ್ಕ ಗೋಡೆಯ ಮೇಲೆ ಬರೆಯೋಣ. ನಮ್ಮ ಕಾಸಿನ ಚಿತ್ರವಾದರೆ ಅದು ನಮ್ಮ ಮಕ್ಕಳ ಕಡೆಯ ಮಾತನ್ನೇ ಆಡುತ್ತದೆ.