ಕೊಟ್ಟವರೂ ಪಡೆದವರೂ
(ಸಂಘದ ರಾಜ್ಯೋತ್ಸವ ಸಭೆಯಲ್ಲಿ ಮಾಡಿದ ಭಾಷಣ)



ರಾಜ್ಯೋತ್ಸವದ ದಿನ ನಾಡಿನ ಹಿರಿಮೆಯನ್ನು ಕೊಂಡಾಡುವುದು ನಮ್ಮ ವಾಡಿಕೆ. ಇಂದು ಅದರೊಡನೆ ನಾವು ಹುಟ್ಟಿದ ನೆಲವನ್ನೂ ನೆಲಸಿದ ನೆಲವನ್ನೂ ಒಟ್ಟಿಗೆ ನೆನೆಯೋಣ. ನೆಲಜಲಗಳನ್ನು ಕೆಡಿಸದೆ ಮುಂದಿನ ಪೀಳಿಗೆಗೆ ಒಪ್ಪಿಸುವಂಥ ಬಾಳಿನ ಕಡೆಗೆ ಸಮಾಜವು ತಿರುಗಬೇಕೆಂದು ಎಲ್ಲರೂ ಹೇಳುತ್ತಾರೆ. ಆದರೆ ಆ ತಿರುವು ತಿಳಿವಳಿಕೆಯೊಂದರಿಂದಲೇ ಬರಲಾರದು. ನಿರ್ಣಯಿಸುವ ಅಧಿಕಾರ ಯಾರ ಕೈಯಲ್ಲಿದೆ, ಅದರ ಭಾರ ಯಾರ ಹೆಗಲಿಗೆ ಬೀಳುತ್ತದೆ ಎಂಬ ಪ್ರಶ್ನೆಯನ್ನು ನಾವು ಕೇಳಲೇಬೇಕು.

ಮೊದಲು ನಮ್ಮ ನಾಡಿನ ಮಾತು. 1964ರಲ್ಲಿ ಶರಾವತಿಗೆ ಲಿಂಗನಮಕ್ಕಿ ಅಣೆಕಟ್ಟು ಪೂರ್ಣವಾಯಿತು. ಊರೂರಲ್ಲಿ ದೀಪ ಹೊತ್ತಿತು, ಕಾರ್ಖಾನೆಗಳು ನಡೆದವು. ಆದರೆ ಸಾಗರ, ಹೊಸನಗರ ಸೀಮೆಯ ಎಷ್ಟೋ ಮನೆಗಳೂ ಗದ್ದೆ ತೋಟಗಳೂ ನೀರಿನಡಿ ಸೇರಿದವು. ಅಲ್ಲಿಂದ ಆಚೆಗಿರುವ ಶಿರಸಿ ಸೀಮೆಯಲ್ಲಿ, 1983ರ ಸೆಪ್ಟೆಂಬರಿನಲ್ಲಿ, ಸಾಲ್ಕಣಿಯ ಜನರು ಕಾಡಿಗೆ ನಡೆದು ಮರಗಳನ್ನು ಅಪ್ಪಿ ನಿಂತು ಕಡಿತವನ್ನು ತಡೆದರು. ಕಾಡು ಹೋದರೆ ತೋಟಕ್ಕೆ ಸೊಪ್ಪಿಲ್ಲ, ಹಳ್ಳದಲ್ಲಿ ನೀರಿಲ್ಲ ಎಂಬುದು ಅವರಿಗೆ ಹಿಂದಿನಿಂದಲೂ ಗೊತ್ತಿತ್ತು. ಆದರೂ ಮರಗಳು ಉರುಳುತ್ತಿದ್ದವು. ಗೊತ್ತಿದ್ದವರೆಲ್ಲ ಒಟ್ಟಾಗಿ ನಿಂತ ದಿನ ಕೊಡಲಿಯೂ ನಿಂತಿತು.

ಇನ್ನು ನಾವು ನೆಲಸಿದ ಈ ನೆಲ. ಮುಂಬಯಿಯ ದಟ್ಟಣೆಯನ್ನು ಇಳಿಸಬೇಕೆಂಬ ಸದುದ್ದೇಶದಿಂದ 1970ರಲ್ಲಿ ಸಿಡ್ಕೊ ಸಂಸ್ಥೆ ಸ್ಥಾಪಿತವಾಯಿತು. ಹೊಸ ನಗರಕ್ಕೆಂದು 95 ಹಳ್ಳಿಗಳ ನೆಲವನ್ನು ಗುರುತಿಸಲಾಯಿತು. ಅದು ಆಗರಿ, ಕೋಳಿ ಜನರ ಭತ್ತದ ಗದ್ದೆ, ಉಪ್ಪಿನ ಆಗರ, ಮೀನಿನ ನೀರು. ದಿ. ಬಾ. ಪಾಟೀಲರ ಮುಂದಾಳುತನದಲ್ಲಿ ರೈತರು ನ್ಯಾಯಕ್ಕಾಗಿ ಎದ್ದರು. 1984ರ ಜನವರಿಯಲ್ಲಿ ಉರಣ ಸೀಮೆಯ ಜಾಸಯಿಯ ಬಳಿ ಪೊಲೀಸರ ಗುಂಡಿಗೆ ಐವರು ಬಲಿಯಾದರು. ಹೋದ ನೆಲಕ್ಕೆ ಪ್ರತಿಯಾಗಿ ಶೇಕಡಾ 12.5ರಷ್ಟು ಅಭಿವೃದ್ಧಿಪಡಿಸಿದ ನೆಲವನ್ನು ಮರಳಿ ಕೊಡುವ ಯೋಜನೆ ಬಂದದ್ದು ಈ ಹೋರಾಟದ ಬಳಿಕವೇ. ನಮ್ಮಲ್ಲಿ ಎಷ್ಟೋ ಮಂದಿಯ ಮನೆಗಳು ಇಂದು ಆ ಗದ್ದೆಗಳ ಮೇಲಿವೆ. ನೆಲ ಕೊಟ್ಟು ನೊಂದವರ ನಾಡಿನಿಂದ ಬಂದ ನಾವು, ಇಲ್ಲಿ ಪಡೆದವರ ಸಾಲಿನಲ್ಲಿ ಕುಳಿತಿದ್ದೇವೆ.

ಠಾಣೆಯ ಕಡಲಕೊಲ್ಲಿಯ ಕಾಂಡ್ಲ ಕಾಡಿನ ಕಥೆಯೂ ಇದನ್ನೇ ಹೇಳುತ್ತದೆ. ನಾಗರಿಕರು ನ್ಯಾಯಾಲಯದ ಬಾಗಿಲು ತಟ್ಟಿದ ಮೇಲೆ, 2018ರಲ್ಲಿ ಮುಂಬಯಿ ಉಚ್ಚ ನ್ಯಾಯಾಲಯವು ಕಾಂಡ್ಲದ ನಾಶವೆಂದರೆ ಸಂವಿಧಾನದ 21ನೆಯ ವಿಧಿಯು ಕೊಟ್ಟ ಬಾಳುವ ಹಕ್ಕಿಗೇ ಭಂಗವೆಂದು ತೀರ್ಪಿತ್ತಿತು. ಮಣ್ಣು ಸುರಿಯುವವನ ಬಲದೆದುರಿಗೆ ಕಾನೂನಿನ ಬಲವೊಂದು ನಿಂತಿತು.

ಡೊಂಬಿವಲಿಯ ಬಂಧುಗಳಿಗೆ 2016ರ ಮೇ ತಿಂಗಳೂ 2024ರ ಮೇ ತಿಂಗಳೂ ಮರೆಯುವಂಥವಲ್ಲ. ಎರಡು ಸಲವೂ ರಾಸಾಯನಿಕ ಕಾರ್ಖಾನೆಗಳಲ್ಲಿ ಸ್ಫೋಟವಾಗಿ ಜನ ಸತ್ತರು, ಸುತ್ತಲಿನ ಮನೆಗಳ ಗಾಜು ಪುಡಿಯಾಯಿತು. ಇಂಥ ಕಾರ್ಖಾನೆಗಳು ಇಲ್ಲಿಂದ ಹೋಗಲೆಂದು ನಾವು ಕೇಳುವುದು ಸಹಜವೇ. ಆದರೆ ಎಲ್ಲಿಗೆ ಹೋಗಬೇಕು? ಬಾಯಿಲ್ಲದ ಯಾವುದೋ ಹಳ್ಳಿಯ ಹಿತ್ತಲಿಗೆ ಕಳುಹಿದರೆ ವಿಷ ಊರು ಬದಲಿಸುತ್ತದೆ, ಅಷ್ಟೆ. ಅಲ್ಲಿ ದುಡಿಯುತ್ತಿದ್ದ ಕಾರ್ಮಿಕನ ಅನ್ನದ ಗತಿಯೇನು? ಆ ಹಳ್ಳಿಯವನನ್ನೂ ಈ ಕಾರ್ಮಿಕನನ್ನೂ ಕೂರಿಸಿಕೊಂಡು ನಿರ್ಣಯ ಮಾಡಬೇಕು.

‘ಹೊರಗಿನಿಂದ ಬಂದವರು ನಾವು, ನಮಗೆಲ್ಲಿಯ ಅಧಿಕಾರ?’ ಎಂದು ನಮ್ಮವರು ಅನ್ನುವುದುಂಟು. ಮತ ನಮ್ಮದಿದೆ, ಸೊಸೈಟಿಯ ಸಭೆಯಲ್ಲಿ ಎತ್ತುವ ಕೈ ನಮ್ಮದಿದೆ. ಹಸಿ ಕಸ ಒಣ ಕಸ ಬೇರೆ ಮಾಡಬೇಕೆಂಬ ನಿರ್ಣಯಕ್ಕೆ ಉತ್ಸಾಹದಿಂದ ಕೈಯೆತ್ತುತ್ತೇವೆ. ಆದರೆ ನಾವು ಬೆರೆಸಿ ಕೊಟ್ಟ ಕಸವನ್ನು ಕೈಯಾರೆ ಬೇರ್ಪಡಿಸುವ ಹೆಣ್ಣುಮಗಳನ್ನು ಆ ಸಭೆಗೆ ಎಂದಾದರೂ ಕರೆದಿದ್ದೇವೆಯೇ? ಸಣ್ಣದಾದರೂ ಅದೂ ಅಧಿಕಾರವೇ. ಅದನ್ನು ಹಂಚಿಕೊಳ್ಳದ ನಾವು ದೊಡ್ಡವರನ್ನು ದೂರುವುದು ಹೇಗೆ?

ಆದುದರಿಂದ ನಮ್ಮದೊಂದು ಬಿನ್ನಹ. ಬರುವ ವರ್ಷದ ರಾಜ್ಯೋತ್ಸವಕ್ಕೆ ನಮ್ಮ ನೆರೆಯ ಗಾವಠಾಣದ ಹಿರಿಯರನ್ನು ಅತಿಥಿಗಳಾಗಿ ಕರೆಯೋಣ. ನಾವು ಮನೆ ಕಟ್ಟಿಕೊಂಡ ಗದ್ದೆಗೆ ಅವರಲ್ಲಿ ಏನು ಹೆಸರಿತ್ತೆಂದು ಕೇಳೋಣ. ಅವರು ಮರಾಠಿಯಲ್ಲಿ ಹೇಳಲಿ. ನಮ್ಮ ಮಕ್ಕಳು ಅದನ್ನು ಕನ್ನಡದಲ್ಲಿ ಬರೆದಿಡಲಿ.