ಬೀಗಲ್ ತರುವ ಮುನ್ನ



ಬಾಂದ್ರಾದ ಕಾರ್ಟರ್ ರೋಡಿನಲ್ಲಿ ಸಂಜೆ ತಿರುಗಾಡುವವರಿಗೆ ಬೀಗಲ್ ನಾಯಿ ಹೊಸತಲ್ಲ. ಜೋಲು ಕಿವಿ, ಕಪ್ಪು-ಕಂದು-ಬಿಳಿ ಮೈ, ಈಗಷ್ಟೇ ಬೈಸಿಕೊಂಡ ಮಗುವಿನಂಥ ಕಣ್ಣು. ಆ ಕಣ್ಣು ನೋಡಿಯೇ ಮಕ್ಕಳು "ಅಮ್ಮಾ, ನಮಗೂ ಒಂದು" ಎಂದು ಹಟ ಹಿಡಿಯುವುದು. ನಮ್ಮ ಮನೆಗೆ ಆರು ವರ್ಷದ ಹಿಂದೆ ಗುಂಡ ಬಂದದ್ದೂ ಹಾಗೆಯೇ. ಅವನನ್ನು ತರುವ ಮೊದಲು ಯಾರಾದರೂ ನನಗೆ ಹೇಳಬೇಕಿತ್ತು ಎನ್ನಿಸುವ ಕೆಲವು ಮಾತುಗಳನ್ನು ಇಂದು ನಿಮ್ಮ ಮುಂದೆ ಇಡುತ್ತೇನೆ.

ಮೊದಲನೆಯದು, ಬೀಗಲ್ ಬೇಟೆಯ ನಾಯಿ. ಇಂಗ್ಲೆಂಡಿನಲ್ಲಿ ಮೊಲದ ಬೇಟೆಗೆಂದೇ ತಲೆಮಾರುಗಳಿಂದ ಬೆಳೆಸಿದ ತಳಿ. ನಮ್ಮ ಬಾಗಲಕೋಟೆ ಜಿಲ್ಲೆಯ ಮುಧೋಳ ನಾಯಿಯೂ ಬೇಟೆಯದ್ದೇ. ಆದರೆ ಅದು ಕಣ್ಣಿನಿಂದ ಕಂಡು, ಓಟದಲ್ಲಿ ಸೋಲಿಸಿ ಹಿಡಿಯುತ್ತದೆ. ಬೀಗಲ್ ಮೂಗಿನ ನಾಯಿ. ಮೊಲ ಹೋದ ದಾರಿಯ ವಾಸನೆ ಹಿಡಿದು, ಬಿಡದೆ, ಗುಂಪಾಗಿ ಬೆನ್ನು ಹತ್ತುತ್ತದೆ. ಬೇಟೆಗಾರ ಹಿಂದೆ ನಡೆದುಕೊಂಡು ಬರುತ್ತಾನೆ. ನಾಯಿ ಎಲ್ಲಿದೆ ಎಂದು ಅವನಿಗೆ ತಿಳಿಯುವುದು ಅದರ ಉದ್ದನೆಯ ಕೂಗಿನಿಂದ ಮತ್ತು ಹುಲ್ಲಿನ ಮೇಲೆ ಕಾಣುವ ಬಾಲದ ಬಿಳಿ ತುದಿಯಿಂದ.

ಈಗ ಇದೇ ನಾಯಿಯನ್ನು ನಮ್ಮ ಎರಡು ಕೋಣೆಯ ಫ್ಲ್ಯಾಟಿಗೆ ತಂದು ನೋಡಿ. ಮೈಲು ದೂರ ಕೇಳಬೇಕಿದ್ದ ಕೂಗು ಪಕ್ಕದ ಮನೆಯ ಗೋಡೆಗೆ ಬಡಿಯುತ್ತದೆ. ಗುಂಪಿನಲ್ಲಿ ಬಾಳುವ ಸ್ವಭಾವದ್ದು, ಮನೆಯವರೆಲ್ಲ ಆಫೀಸಿಗೆ ಹೋದರೆ ಒಂಟಿತನಕ್ಕೆ ಅಳುತ್ತದೆ, ಸೋಫಾ ಹರಿಯುತ್ತದೆ. ಹೊಟ್ಟೆಗಂತೂ ಸಾಕು ಎಂಬುದೇ ಇಲ್ಲ. ಪಾಯಸದ ಒಣದ್ರಾಕ್ಷಿ, ಚಾಕೊಲೇಟ್, ಈರುಳ್ಳಿ ಇವು ನಾಯಿಗೆ ವಿಷ. ಹಬ್ಬದ ದಿನ ನಾನು ಅಡುಗೆಮನೆಯ ಬಾಗಿಲು ಹಾಕಿಕೊಂಡೇ ಕೆಲಸ ಮಾಡುವುದು.

ಮೂಗಿನ ಪಾಠ ನನಗೆ ಆದದ್ದು ಮೊದಲ ವರ್ಷದ ಜನವರಿಯಲ್ಲಿ. ಕಾರ್ಟರ್ ರೋಡಿನಲ್ಲಿ ಫೋನು ಬಂತೆಂದು ಪಟ್ಟಿಯನ್ನು ಸಡಿಲ ಹಿಡಿದೆ. ಗುಂಡ ಕೊಸರಿಕೊಂಡು ಓಡಿದ. ಕೂಗಿದೆ, ಬಿಸ್ಕತ್ತು ತೋರಿಸಿದೆ, ತಿರುಗಿಯೂ ನೋಡಲಿಲ್ಲ. ರಿಕ್ಷಾಗಳ ನಡುವೆ ನುಗ್ಗಿ ಮಾಯವಾದ. ಒಂದೂವರೆ ಗಂಟೆ ಅಳುತ್ತಾ ಹುಡುಕಿದೆ. ಕೊನೆಗೆ ಸಿಕ್ಕಿದ್ದು ದಾಂಡಾ ಕೋಳಿವಾಡದಲ್ಲಿ, ಬೊಂಬಿಲ್ ಒಣಹಾಕಿದ ಬಿದಿರಿನ ಕೆಳಗೆ. ಒಬ್ಬ ಕೋಳಿ ಹೆಂಗಸು ಹಗ್ಗ ಕಟ್ಟಿ ಕೂರಿಸಿಕೊಂಡಿದ್ದರು. "ಹಾ ತುಮ್ಚಾ ಕಾ?" ಎಂದು ಕೇಳಿ ನಕ್ಕರು. ನನಗೆ ನಗು ಬರಲಿಲ್ಲ. ಅವನು ನನ್ನ ಮಾತು ಮೀರಿದ್ದಲ್ಲ, ವಾಸನೆ ಹಿಡಿದ ಮೇಲೆ ಅವನ ಕಿವಿಗೆ ನನ್ನ ದನಿ ಬೀಳುವುದೇ ಇಲ್ಲ ಎಂದು ಅಂದು ಅರ್ಥವಾಯಿತು. ಅಂದಿನಿಂದ ರಸ್ತೆಯಲ್ಲಿ ಪಟ್ಟಿ ಬಿಟ್ಟದ್ದಿಲ್ಲ.

ಊರಿಗೆ ಹೋದಾಗ ನಮ್ಮ ಭಾವ ಕೇಳಿದರು, "ಇದು ಮೊಲ ಹಿಡಿಯುತ್ತದಂತಲ್ಲ, ಗುಡ್ಡೆಗೆ ಕರೆದುಕೊಂಡು ಹೋಗೋಣವೇ?" ನಮ್ಮ ಹಿರಿಯರ ಕಾಲದಲ್ಲಿ ಅದು ಸಾಮಾನ್ಯ ಸಂಗತಿ. ಆದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಕಾಡುಮೊಲದ ಬೇಟೆ ಅಪರಾಧ. ಕೊಲ್ಲುವುದಷ್ಟೇ ಅಲ್ಲ, ಹಿಡಿಯುವುದು, ಅಟ್ಟುವುದು, ಅದಕ್ಕೆ ಪ್ರಯತ್ನಿಸುವುದು ಎಲ್ಲವೂ ಬೇಟೆಯೇ. ಬೇರೆ ದೇಶಗಳಲ್ಲಿ ಇಂದಿಗೂ ಬೀಗಲ್ ಕಟ್ಟಿಕೊಂಡು ಮೊಲದ ಬೇಟೆಗೆ ಹೋಗುವವರಿದ್ದಾರೆ. ನಮ್ಮಲ್ಲಿ ಆ ಆಸೆಯಿಂದ ಬೀಗಲ್ ತರಬೇಡಿ.

ಬೇಟೆ ನಿಂತಿತು, ಆದರೆ ಆ ಸುದ್ದಿ ಗುಂಡನ ಮೂಗಿಗೆ ತಲುಪಿಲ್ಲ. ಆದ್ದರಿಂದ ಅದಕ್ಕೆ ಬೇರೆ ಕೆಲಸ ಕೊಡಬೇಕು. ಅಮೆರಿಕದಲ್ಲಿ 1984ರಿಂದ ವಿಮಾನ ನಿಲ್ದಾಣಗಳಲ್ಲಿ ಹಣ್ಣು, ಮಾಂಸ ಪತ್ತೆಹಚ್ಚಲು ಬೀಗಲ್‌ಗಳನ್ನು ಬಳಸುತ್ತಾರೆ. ಮಗಳ ಮನೆಗೆ ಮಾವಿನಹಣ್ಣು ಒಯ್ಯುವವರು ನೆನಪಿಡಿ! ನಾವು ಮನೆಯಲ್ಲಿ ಮಾಡುವುದು ಸಣ್ಣ ಆಟ. ಹಳೆಯ ಟವೆಲಿನಲ್ಲಿ ಕ್ಯಾರೆಟ್ ತುಂಡು ಸುತ್ತಿ ಮಂಚದ ಕೆಳಗೋ ಬಾಗಿಲ ಹಿಂದೋ ಇಡುತ್ತೇನೆ. ಹುಡುಕಿ ತೆಗೆಯುವಷ್ಟರಲ್ಲಿ ಅವನು ದಣಿಯುತ್ತಾನೆ, ಕೂಗುವುದೂ ಕಡಿಮೆ. ನಡಿಗೆಯಲ್ಲಿಯೂ ಎಳೆದುಕೊಂಡು ಹೋಗದೆ ಮೂಸಲು ಬಿಡುತ್ತೇನೆ. ಬೆಳಿಗ್ಗೆ ಮುಕ್ಕಾಲು ಗಂಟೆ, ಸಂಜೆ ಮುಕ್ಕಾಲು ಗಂಟೆ, ಮುಂಬಯಿ ಮಳೆಯಲ್ಲೂ. ಮಳೆಗಾಲದಲ್ಲಿ ಜೋಲು ಕಿವಿಯ ಒಳಗೆ ತೇವ ನಿಂತು ಸೋಂಕಾಗುತ್ತದೆ. ಒರೆಸಿ ಒಣಗಿಸಬೇಕು. ರೇಬೀಸ್ ಲಸಿಕೆಯ ಜೊತೆಗೆ ಇಲಿಜ್ವರದ ಲಸಿಕೆಯ ಬಗ್ಗೆಯೂ ವೈದ್ಯರನ್ನು ಕೇಳಿ. ಪಾಲಿಕೆಯ ಲೈಸೆನ್ಸ್ ಮರೆಯಬೇಡಿ.

ಇಷ್ಟು ಕೇಳಿಯೂ ಬೀಗಲ್ ಬೇಕು ಎನ್ನುವವರು ಮರಿಯನ್ನು ಅದರ ತಾಯಿಯೊಂದಿಗೆ ನೋಡದೆ ಕೊಳ್ಳಬೇಡಿ. ಎಂಟು ವಾರ ತುಂಬದ ಮರಿಯನ್ನು ಮಾರುವುದು 2017ರ ನಿಯಮಗಳ ಪ್ರಕಾರ ತಪ್ಪು. ಇನ್ನೊಂದು ದಾರಿಯೂ ಇದೆ. ಔಷಧ ಪ್ರಯೋಗಗಳಿಗೆ ಹೆಚ್ಚಾಗಿ ಬಳಸುವ ನಾಯಿ ಬೀಗಲ್. ಕಾರಣ, ಮೈ ಸಣ್ಣದು, ನೋವು ಕೊಟ್ಟವರನ್ನೂ ಕಚ್ಚದಷ್ಟು ಸಾಧು. 2016ರಲ್ಲಿ ಬೆಂಗಳೂರಿನ ಕ್ಯೂಪಾ ಸಂಸ್ಥೆಯವರು ಪ್ರಯೋಗಾಲಯದಿಂದ ಬಿಡುಗಡೆಯಾದ ನೂರಕ್ಕೂ ಹೆಚ್ಚು ಬೀಗಲ್‌ಗಳಿಗೆ ಮನೆ ಹುಡುಕಿಕೊಟ್ಟರು. ಹುಲ್ಲು, ಮೆಟ್ಟಿಲು ಕಂಡರಿಯದ ನಾಯಿಗಳವು. ತಾಳ್ಮೆ ಇದ್ದವರು ಅಂಥ ನಾಯಿಯನ್ನು ದತ್ತು ಪಡೆಯಬಹುದು.

ಕೊನೆಯ ಮಾತು. ಬೀಗಲ್ ಹನ್ನೆರಡರಿಂದ ಹದಿನೈದು ವರ್ಷ ಬದುಕುತ್ತದೆ. ಹಟ ಮಾಡಿ ತರಿಸಿಕೊಂಡ ನನ್ನ ಮಗ ಈಗ ಪುಣೆಯ ಹಾಸ್ಟೆಲಿನಲ್ಲಿದ್ದಾನೆ. ವೀಡಿಯೊ ಕಾಲಿನಲ್ಲಿ "ಗುಂಡ ಎಲ್ಲಿ?" ಎನ್ನುತ್ತಾನೆ. ಬೆಳಿಗ್ಗೆ ಆರಕ್ಕೆ ಕೆಳಗಿಳಿಯುವವಳು ನಾನು. ಮೊದಮೊದಲು ಸಿಟ್ಟು ಬಂದದ್ದು ನಿಜ. ಈಗ ಆ ನಡಿಗೆ ನನಗೂ ಬೇಕಾಗಿದೆ, ಅದು ಬೇರೆ ಮಾತು. ಆದರೆ ನನ್ನನ್ನು ಆಗ ಯಾರೂ ಕೇಳಿರಲಿಲ್ಲ, ನಾನೂ ಕೇಳಿಕೊಂಡಿರಲಿಲ್ಲ. ಹಾಗಾಗಿ ಮನೆಮಂದಿಯನ್ನೆಲ್ಲ ಕೂರಿಸಿ, ಬೆಳಿಗ್ಗೆ ಯಾರು, ಸಂಜೆ ಯಾರು, ಊರಿಗೆ ಹೋದಾಗ ಯಾರು ಎಂದು ಕಾಗದದಲ್ಲಿ ಬರೆಯಿರಿ. ಎಲ್ಲ ಸಾಲಿನಲ್ಲೂ ನಿಮ್ಮ ಹೆಸರೇ ಬಂದರೆ, ಬೇಕೋ ಬೇಡವೋ ಎಂಬ ತೀರ್ಮಾನವೂ ನಿಮ್ಮದೇ ಆಗಿರಲಿ.

ಗುಂಡನ ಸಂಜೆಯ ಹೊತ್ತಾಯಿತು, ಬಾಗಿಲ ಬಳಿ ಕೂತಿರುತ್ತಾನೆ.