ಮುತ್ಯಾನ ಮುತ್ಯಾ ಯಾರು?

ನಿಮ್ಮ ಮುತ್ಯಾನ ಮುತ್ಯಾನ ಹೆಸರು ನಿಮಗೆ ಗೊತ್ತೇ? ಒಂದು ತಲೆಮಾರಿಗೆ 25ರಿಂದ 30 ವರ್ಷ ಹಿಡಿದರೆ, ಆತ ಹತ್ತೊಂಬತ್ತನೆಯ ಶತಮಾನದ ಕೊನೆಗೋ ಇಪ್ಪತ್ತನೆಯದರ ಆರಂಭಕ್ಕೋ ಹುಟ್ಟಿದವನು. ಮನೆಯಲ್ಲಿ ಯಾರಿಗೂ ನೆನಪಿಲ್ಲದಿದ್ದರೂ ಆ ಹೆಸರು ಹೆಳವರ ಹೊತ್ತಿಗೆಯಲ್ಲಿ ಇರಬಹುದು.

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಭಾಗದ ಹಿರಿಯರಿಗೆ ಹೆಳವರು ಪರಿಚಿತರು. ಸುಗ್ಗಿ ಮುಗಿದ ಮೇಲೆ ಎತ್ತಿನ ಮೇಲೆ ಕುಳಿತು, ಗಂಟೆ ಬಾರಿಸುತ್ತ ಮನೆಯ ಮುಂದೆ ಬರುತ್ತಿದ್ದರು. ಆ ಮನೆತನದ ಮೂಲ ಊರು ಯಾವುದು, ಅಲ್ಲಿಂದ ಯಾರು ಬಂದರು, ಅವರ ಮಕ್ಕಳು ಯಾರು ಎಂದು ಒಂದೇ ಉಸಿರಿನಲ್ಲಿ ಹೇಳುತ್ತಿದ್ದರು. ಹೊಸದಾಗಿ ಹುಟ್ಟಿದವರ ಹೆಸರು ಬರೆದುಕೊಂಡು, ಕಾಳು, ಬಟ್ಟೆ, ಹಣ ಪಡೆದು ಮುಂದೆ ಸಾಗುತ್ತಿದ್ದರು. ಈಗ ಅವರಲ್ಲಿ ಅನೇಕರು ವಾಹನಗಳಲ್ಲಿ ಬರುತ್ತಾರೆ.

ಅಮೆರಿಕದಲ್ಲಿ ಹತ್ತೊಂಬತ್ತನೆಯ ಶತಮಾನದ ಮನೆತನವನ್ನು ಹುಡುಕುವವರಿಗೆ ಜನಗಣತಿಯ ಪುಸ್ತಕಗಳೇ ಹೆಳವರಿದ್ದಂತೆ. 72 ವರ್ಷ ಕಳೆದ ಮೇಲೆ ಅವು ಎಲ್ಲರಿಗೂ ತೆರೆದಿರುತ್ತವೆ. 1850ರಿಂದ ಅಲ್ಲಿ ಪ್ರತಿಯೊಬ್ಬ ಸ್ವತಂತ್ರ ವ್ಯಕ್ತಿಯ ಹೆಸರನ್ನೂ ಬರೆಯತೊಡಗಿದರು. ಆದರೆ ಗುಲಾಮರಾಗಿದ್ದ ಕಪ್ಪು ಜನರ ಹೆಸರುಗಳನ್ನು ಸಾಮಾನ್ಯವಾಗಿ ಬರೆಯಲೇ ಇಲ್ಲ. ಒಡೆಯನ ಹೆಸರಿನ ಕೆಳಗೆ ಅವರ ವಯಸ್ಸು, ಲಿಂಗ, ಬಣ್ಣ ಇಷ್ಟೇ. ಎಲ್ಲರ ಹೆಸರೂ ಬಂದದ್ದು ಗುಲಾಮಗಿರಿ ಅಳಿದ ಮೇಲೆ, 1870ರಲ್ಲಿ. ಹೀಗಾಗಿ ಎಷ್ಟೋ ಮನೆತನಗಳ ಎಳೆ ಆ ವರ್ಷಕ್ಕೇ ಕಡಿದುಹೋಗುತ್ತದೆ.

ನಮ್ಮ ದೇಶದ ಜನಗಣತಿಯಿಂದ ಈ ಸಹಾಯ ಸಿಗದು. 1948ರ ಕಾಯ್ದೆಯ ಪ್ರಕಾರ ವ್ಯಕ್ತಿಗಳ ವಿವರ ಗೋಪ್ಯ. ನಮಗಿರುವುದು ಜಮೀನಿನ ಉತಾರ, ವಾರಸಾ ದಾಖಲೆ, ಶಾಲೆಯ ರಜಿಸ್ಟರು. ಇಲ್ಲಿಯೂ ಒಂದು ತೊಡಕಿದೆ. ಅಥಣಿ, ಚಿಕ್ಕೋಡಿಗಳು ಮುಂಬಯಿ ಪ್ರಾಂತದ ಬೆಳಗಾವಿ ಜಿಲ್ಲೆಯಲ್ಲಿದ್ದಾಗ ರಾಯಬಾಗ ಕೊಲ್ಹಾಪುರ ಸಂಸ್ಥಾನಕ್ಕೆ ಸೇರಿತ್ತು. ಆ ಸಂಸ್ಥಾನ ಮುಂಬಯಿಯಲ್ಲಿ ವಿಲೀನವಾದದ್ದು 1949ರಲ್ಲಿ. ಆದ್ದರಿಂದ ನೆರೆಹೊರೆಯ ಊರುಗಳ ಹಳೆಯ ಕಾಗದಪತ್ರಗಳನ್ನು ಬೇರೆ ಬೇರೆ ಕಡೆ ಹುಡುಕಬೇಕಾಗುತ್ತದೆ. ಅವುಗಳಲ್ಲಿ ಹಲವು ಮೋಡಿ ಲಿಪಿಯಲ್ಲಿವೆ. ಅದನ್ನು ಓದಬಲ್ಲವರು ಇಂದು ವಿರಳ.

ಹೆಳವರ ಹೊತ್ತಿಗೆಯೂ ಪೂರ್ಣವಲ್ಲ. ಅವರು ಹೋಗುವುದು ತಮ್ಮ ಪಾಲಿನ ಮನೆಗಳಿಗೆ ಮಾತ್ರ. ಆ ಮನೆಗಳಲ್ಲೂ ವಂಶ ಸಾಗುವುದು ತಂದೆಯಿಂದ ಮಗನಿಗೆ. ಮದುವೆಯಾಗಿ ಹೋದ ಮಗಳ ಎಳೆ ಅಲ್ಲಿಗೇ ನಿಲ್ಲುತ್ತದೆ. ಗುಲಾಮಗಿರಿಯ ಕ್ರೌರ್ಯಕ್ಕೆ ಇದನ್ನು ಹೋಲಿಸಲಾಗದು. ಆದರೂ ಪಾಠ ಒಂದಿದೆ: ಬರೆಯುವವರು ಯಾರನ್ನು ಲೆಕ್ಕಕ್ಕೆ ತೆಗೆದುಕೊಂಡರೋ ಅವರಷ್ಟೇ ಉಳಿದರು.

ಆ ಲೋಪವನ್ನು ತುಂಬುವ ಕೆಲಸ ನಿಮ್ಮದು. ಒಂದು ನೋಟುಪುಸ್ತಕ ತೆಗೆದುಕೊಳ್ಳಿ. ನಿಮ್ಮ ಹೆಸರಿನಿಂದ ಆರಂಭಿಸಿ ಹಿಂದಕ್ಕೆ ಹೋಗಿ. ಆಯಿಯ ಬಳಿ ಕುಳಿತು ಆಕೆಯ ತಾಯಿಯ ಹೆಸರು, ತವರೂರು ಕೇಳಿ. ಇಸವಿ ನೆನಪಿಲ್ಲ ಎಂದರೆ, ‘ಮದುವೆ 1972ರ ಬರಗಾಲಕ್ಕಿಂತ ಮೊದಲೋ, ಆಮೇಲೋ?’ ಎಂದು ಕೇಳಿ. ಹೇಳಿದ್ದನ್ನು ಉತಾರದೊಂದಿಗೆ ತಾಳೆ ನೋಡಿ. ಎರಡೂ ಹೊಂದದಿದ್ದರೆ ಒಂದನ್ನು ಅಳಿಸಬೇಡಿ, ಎರಡನ್ನೂ ಬರೆದಿಡಿ.

ಹೆಳವರು ಮನೆಗೆ ಬಂದರೆ ಆದರದಿಂದ ಕೂರಿಸಿ, ಮನೆಯ ಹೆಣ್ಣುಮಕ್ಕಳ ಹೆಸರನ್ನೂ ಬರೆಸಿರಿ. ಕಾಗದ ನಾಳೆಯೂ ಸಿಕ್ಕೀತು, ಆಯಿಯ ನೆನಪು ಕಾಯುವುದಿಲ್ಲ. ಇಂದು ಸಂಜೆಯೇ ಕೇಳಿ.